ಪ್ರೀತಿಯ ಪ್ರಶ್ನೆಗೆ ಟ್ಯಾರೋ ಎಲೆಗಳ ಜೋಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಶನಿವಾರ ಸಂಜೆ ಊಟದ ಮೇಜಿನ ಮೇಲೆ ಹಳೆಯ ಶಾಲು ಹಾಸಿ ಟ್ಯಾರೋ ಬಿಡಿಸುತ್ತೇನೆ, ಅಂದರೆ ಚಿತ್ರದ ಕಾರ್ಡು ತೆಗೆದು ಪ್ರಶ್ನೆಗೆ ಅರ್ಥ ಓದುತ್ತೇನೆ. ಬರುವವರು ಹೆಚ್ಚಾಗಿ ನಮ್ಮವರೇ. ಉಡುಪಿ, ಕುಂದಾಪುರ ಕಡೆಯ ಹೋಟೆಲಿನವರ ಮಕ್ಕಳು, ಧಾರವಾಡ, ವಿಜಯಪುರದಿಂದ ಕೆಲಸಕ್ಕೆ ಬಂದ ಹುಡುಗಿಯರು, ಒಮ್ಮೊಮ್ಮೆ ಅವರ ಅಮ್ಮಂದಿರು. ಪ್ರಶ್ನೆ ಬಹುಪಾಲು ಪ್ರೀತಿಯದ್ದೇ. ಈಗ ಕೆಲವರು ತಾವೇ ಕಲಿಯುತ್ತಿದ್ದಾರೆ. ರಾತ್ರಿ ಹನ್ನೊಂದಕ್ಕೆ ಫೋಟೋ ಕಳಿಸಿ, "ಅಕ್ಕಾ, ಈ ಎರಡು ಒಟ್ಟಿಗೆ ಬಂದರೆ ಏನರ್ಥ?" ಅಂತ ಕೇಳುತ್ತಾರೆ. ಅವರಿಗಾಗಿ ಇದು.

ಕಾರ್ಡಿಗೆ ನಾನು ಎಲೆ ಅನ್ನುತ್ತೇನೆ. ಇಸ್ಪೀಟು ಎಲೆ ಅನ್ನುವುದಿಲ್ಲವೇ, ಹಾಗೆ.

ಹೊಸಬರು ಯಾವ ಕಟ್ಟು ಕೊಳ್ಳಬೇಕು?

ರೈಡರ್-ವೇಟ್-ಸ್ಮಿತ್ ಕಟ್ಟು. 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದ್ದು, ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ತುಂಬಾ ಕಾಲ ಕಟ್ಟಿನ ಹೆಸರಲ್ಲಿ ಪ್ರಕಾಶಕ ರೈಡರ್ ಇದ್ದರು, ವೇಟ್ ಇದ್ದರು, ಚಿತ್ರ ಬರೆದ ಹೆಂಗಸು ಇರಲಿಲ್ಲ. ಅದಕ್ಕೇ ನಾನು ಸ್ಮಿತ್ ಹೆಸರು ಬಿಡದೆ ಹೇಳುತ್ತೇನೆ.

ಒಟ್ಟು 78 ಎಲೆ. 22 ಮೇಜರ್: ಲವರ್ಸ್, ಡೆವಿಲ್, ಸನ್ ಥರದವು. ಉಳಿದ 56 ಮೈನರ್, ನಮ್ಮ ಇಸ್ಪೀಟಿನ ದಾಯಾದಿಗಳು. ಕಪ್ಸ್ ಅಂದರೆ ಬಟ್ಟಲು, ಸ್ವೋರ್ಡ್ಸ್ ಅಂದರೆ ಕತ್ತಿ, ವಾಂಡ್ಸ್ ಅಂದರೆ ಕೋಲು, ಪೆಂಟಕಲ್ಸ್ ಅಂದರೆ ನಾಣ್ಯ. ಒಂದೊಂದು ಗುಂಪಿನಲ್ಲಿ 14: ಏಸ್‌ನಿಂದ ಹತ್ತರ ತನಕ, ಆಮೇಲೆ ಪೇಜ್ (ಸೇವಕ ಹುಡುಗ), ನೈಟ್ (ಕುದುರೆ ಸವಾರ), ಕ್ವೀನ್, ಕಿಂಗ್. ಇದು ಹುಟ್ಟಿದ್ದೇ ಆಟಕ್ಕೆ, 15ನೇ ಶತಮಾನದ ಉತ್ತರ ಇಟಲಿಯಲ್ಲಿ. ಭವಿಷ್ಯ ಕೇಳುವ ರೂಢಿ ಜೋರಾಗಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ.

ಈ ಕಟ್ಟೇ ಯಾಕೆ ಅಂದರೆ, ಫ್ರಾನ್ಸಿನ ಹಳೆಯ ಮಾರ್ಸೇ ಕಟ್ಟಿನಲ್ಲಿ ಬಟ್ಟಲಿನ ಮೂರು ಅಂದರೆ ಬರೀ ಮೂರು ಬಟ್ಟಲು. ಸ್ಮಿತ್ ಅಲ್ಲಿ ಮನುಷ್ಯರನ್ನು ತಂದರು. ಜೋಡಿ ಓದುವುದಕ್ಕೆ ಮನುಷ್ಯರು ಬೇಕು.

ಜೋಡಿಗಳ ಅರ್ಥ ಬಾಯಿಪಾಠ ಮಾಡಬೇಕಾ?

ಲೆಕ್ಕ ಹಾಕಿ ನೋಡಿ. 78 ಎಲೆಯಲ್ಲಿ ಎರಡೆರಡರ ಜೋಡಿ 3,003 ಆಗುತ್ತದೆ. ಮೂರು ಮೂರು ತೆಗೆದರೆ 76,076. ಮಗ್ಗಿ ಕಲಿತ ಹಾಗೆ ಕಲಿಯಲು ಆಗುವುದಿಲ್ಲ. ಕಲಿತರೂ ಉಪಯೋಗವಿಲ್ಲ. ಒಂದರ ಅರ್ಥಕ್ಕೆ ಇನ್ನೊಂದರ ಅರ್ಥ ಕೂಡಿಸಿದರೆ ಸಿಗುವುದು ಬರೀ ದೊಡ್ಡ ವಾಕ್ಯ.

ನಾನು ಮೊದಲು ನೋಡುವುದು ಒಂದೇ: ಯಾರು ಯಾರ ಕಡೆ ಮುಖ ಮಾಡಿದ್ದಾರೆ?

ನಿಮ್ಮ ಕಟ್ಟಿನಿಂದ ನೈಟ್ ಆಫ್ ಕಪ್ಸ್ ಮತ್ತು ಕ್ವೀನ್ ಆಫ್ ಕಪ್ಸ್ ತೆಗೆಯಿರಿ. ನೈಟ್ ಕುದುರೆ ಮೇಲೆ ನಿಮ್ಮ ಬಲಕ್ಕೆ ಹೋಗುತ್ತಿದ್ದಾನೆ, ಕೈಯಲ್ಲಿ ಬಟ್ಟಲು. ಅವಸರ ಇಲ್ಲ, ಕುದುರೆ ನಡೆಯುತ್ತಿದೆ. ಕ್ವೀನ್ ಎಡಕ್ಕೆ ತಿರುಗಿ ಕೂತಿದ್ದಾಳೆ. ನೈಟನ್ನು ಎಡಗಡೆ, ಕ್ವೀನನ್ನು ಬಲಗಡೆ ಇಡಿ. ಅವನು ಬರುತ್ತಿದ್ದಾನೆ, ಅವಳು ಅವನ ದಿಕ್ಕಿಗೇ ಕೂತಿದ್ದಾಳೆ. ಈಗ ಜಾಗ ಅದಲುಬದಲು ಮಾಡಿ. ಬೆನ್ನಿಗೆ ಬೆನ್ನು! ಅದೇ ಎರಡು ಎಲೆ, ಒಂದೇ ಮನೆಯಲ್ಲಿ ಎರಡು ಕೋಣೆ.

ಇನ್ನೊಂದು ನೋಡಿ. ಮೊದಲ ಜೋಡಣೆಯಲ್ಲೂ ಅವಳ ಕಣ್ಣು ಅವನ ಮೇಲಿಲ್ಲ, ತನ್ನ ಬಟ್ಟಲ ಮೇಲೆ. ಆ ಬಟ್ಟಲಿಗೆ ಮುಚ್ಚಳ ಬೇರೆ ಇದೆ. ಅವನದ್ದು ತೆರೆದ ಬಟ್ಟಲು, ಅವಳದ್ದು ಮುಚ್ಚಿದ ಬಟ್ಟಲು. "ಪ್ರೀತಿಸುವ ಇಬ್ಬರು" ಅಂತ ಪುಸ್ತಕದಲ್ಲಿದ್ದದ್ದನ್ನು ಓದಿ ಮುಗಿಸಿದರೆ ಇದು ತಪ್ಪಿಹೋಗುತ್ತದೆ.

ಫೈವ್ ಆಫ್ ಕಪ್ಸ್ ಕೂಡ ಹೀಗೇ. ಕಪ್ಪು ನಿಲುವಂಗಿಯವನು ಎಡಕ್ಕೆ ಬಿದ್ದ ಮೂರು ಬಟ್ಟಲು ನೋಡುತ್ತಾ ನಿಂತಿದ್ದಾನೆ. ಬಲಕ್ಕೆ, ಬೆನ್ನ ಹಿಂದೆ, ಎರಡು ಬಟ್ಟಲು ನೆಟ್ಟಗೆ ಇವೆ. ಆ ಎಲೆಯ ಬಲಕ್ಕೆ ಟೂ ಆಫ್ ಕಪ್ಸ್ ಬಂದರೆ, ಎದುರುಬದುರು ನಿಂತು ಬಟ್ಟಲು ಹಿಡಿದ ಆ ಜೋಡಿ ಅವನ ಬೆನ್ನ ಹಿಂದೆ ಇದೆ. ತಿರುಗಿದರೆ ಕಾಣುತ್ತದೆ. ಎಡಕ್ಕೆ ಬಂದರೆ ಅವನು ಅಳುತ್ತಿರುವುದೇ ಆ ಜೋಡಿಗಾಗಿ. ಮೊದಲನೆಯವರಿಗೆ "ಪಕ್ಕದಲ್ಲಿ ಯಾರಿದ್ದಾರೆ ನೋಡಿ" ಅನ್ನುತ್ತೇನೆ. ಎರಡನೆಯವರಿಗೆ ನೀರು ಕೊಟ್ಟು ಸುಮ್ಮನೆ ಕೂರುತ್ತೇನೆ.

ನೈಟ್ ಆಫ್ ಸ್ವೋರ್ಡ್ಸ್ ಎಡಕ್ಕೆ ನುಗ್ಗುತ್ತಾನೆ. ಅವನ ಎಡಗಡೆ ಯಾವ ಎಲೆ ಇದೆಯೋ ಅದಕ್ಕೆ ಪೆಟ್ಟು.

ಲವರ್ಸ್ ಬಂತು. ಮದುವೆ ಖಾಯಂ ಅಲ್ವಾ?

ಅಲ್ಲ. ಎಲ್ಲರೂ ಮೊದಲು ಬೀಳುವ ಹಳ್ಳ ಇದೇ. ಮಾರ್ಸೇ ಕಟ್ಟಿನ ಆರನೇ ಎಲೆಯಲ್ಲಿ ಒಬ್ಬ ಹುಡುಗ ಇಬ್ಬರು ಹೆಂಗಸರ ನಡುವೆ ನಿಂತಿರುತ್ತಾನೆ, ಮೇಲೆ ಬಾಣ ಹಿಡಿದ ಮನ್ಮಥ. ಅಂದರೆ ಅದು ಆಯ್ಕೆಯ ಎಲೆ. ಸ್ಮಿತ್ ಅವರ ಚಿತ್ರದಲ್ಲಿ ಒಂದು ಗಂಡು, ಒಂದು ಹೆಣ್ಣು, ಮೇಲೆ ದೇವದೂತ. ಆದರೂ ಆಯ್ಕೆಯ ಅರ್ಥ ಹೋಗಿಲ್ಲ. ಟೂ ಆಫ್ ಸ್ವೋರ್ಡ್ಸ್ ಜೊತೆ ಬಂದರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಕತ್ತಿ ಅಡ್ಡ ಹಿಡಿದವಳು ಆಯ್ಕೆಯನ್ನೇ ಮುಂದೂಡುತ್ತಿದ್ದಾಳೆ. "ಮನೇಲಿ ಹೇಳ್ತೀನಿ, ದೀಪಾವಳಿ ಆಗ್ಲಿ" ಅನ್ನುವ ಜೋಡಿ ಇದು. ನಮ್ಮಲ್ಲಿ ಬಹಳ ಬರುತ್ತದೆ.

ಡೆವಿಲ್ ಜೊತೆ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಚಿತ್ರದ ಎರಡು ರೂಪ. ಅಲ್ಲೂ ಗಂಡು, ಹೆಣ್ಣು, ಮೇಲೆ ದೊಡ್ಡ ಆಕೃತಿ. ಸಂಖ್ಯೆಯಲ್ಲೂ ನಂಟಿದೆ: ಡೆವಿಲ್ 15, ಒಂದೂ ಐದೂ ಕೂಡಿದರೆ ಆರು. ಹೆದರಬೇಡಿ, ಕುತ್ತಿಗೆಯ ಸರಪಳಿ ನೋಡಿ. ಸಡಿಲ ಇದೆ, ತಲೆಯಿಂದ ತೆಗೆದುಹಾಕಬಹುದು. ನಾನು ಕೇಳುವುದಿಷ್ಟೇ: "ಪಾಸ್‌ವರ್ಡ್ ಕೇಳ್ತಾರಾ? ಲೊಕೇಶನ್ ಕಳಿಸು ಅಂತಾರಾ?" ಉತ್ತರ ಬರುವ ಮುಂಚೆ ಮುಖ ಹೇಳಿಬಿಡುತ್ತದೆ.

ಹಾಗಾದರೆ ಮದುವೆಯ ಜೋಡಿಗಳು ಯಾವುವು?

ನನ್ನ ಲೆಕ್ಕದಲ್ಲಿ ಮೊದಲನೆಯದು ಫೋರ್ ಆಫ್ ವಾಂಡ್ಸ್. ನಾಲ್ಕು ಕೋಲು ನೆಟ್ಟು ಮೇಲೆ ಹೂವಿನ ಮಾಲೆ ಕಟ್ಟಿದ್ದಾರೆ. ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ, ನೋಡಿದ ಕೂಡಲೇ "ಚಪ್ಪರ!" ಅನ್ನುತ್ತಾರೆ. ಮಾಟುಂಗದ ಹೂವಿನ ಅಂಗಡಿ ಸಾಲು ನೋಡಿದವರಿಗೆ ಆ ಮಾಲೆಯ ವಾಸನೆಯೂ ಬರುತ್ತದೆ.

ಚಪ್ಪರದ ಪಕ್ಕ ಹೈರೋಫ್ಯಾಂಟ್, ಅಂದರೆ ಧರ್ಮಗುರುವಿನ ಎಲೆ, ಬಂದರೆ ಶಾಸ್ತ್ರೋಕ್ತ, ಹಿರಿಯರು ಮುಂದೆ ನಿಂತ ಮದುವೆ. ಜಸ್ಟಿಸ್ ಬಂದರೆ ನಾನು ರಿಜಿಸ್ಟರ್ ಮದುವೆ ಅಂತ ಓದುತ್ತೇನೆ. ಬೇರೆ ಧರ್ಮದ ಜೋಡಿಗಳಿಗೆ 1954ರ ವಿಶೇಷ ವಿವಾಹ ಕಾಯ್ದೆಯ 30 ದಿನದ ನೋಟಿಸ್ ವಿಷಯವನ್ನೂ ಹೇಳಿಬಿಡುತ್ತೇನೆ. ಎಲೆಗಿಂತ ಅದು ಮುಖ್ಯ.

ಟೆನ್ ಆಫ್ ಕಪ್ಸ್ ಮತ್ತು ಟೆನ್ ಆಫ್ ಪೆಂಟಕಲ್ಸ್ ಎರಡನ್ನೂ ಸಂಸಾರದ ಎಲೆ ಅನ್ನುತ್ತಾರೆ, ಆದರೆ ಒಂದೇ ಅಲ್ಲ. ಮೊದಲನೆಯದರಲ್ಲಿ ಕಾಮನಬಿಲ್ಲು, ಗಂಡ ಹೆಂಡತಿ, ಕುಣಿಯುವ ಎರಡು ಮಕ್ಕಳು, ಅಷ್ಟೇ. ಎರಡನೆಯದರಲ್ಲಿ ಮುಂದೆಯೇ ಅಜ್ಜ ಕೂತಿದ್ದಾರೆ, ಎರಡು ನಾಯಿ ಬೇರೆ. ಗಂಡ ಹೆಂಡತಿ ಹಿಂದೆ. ಇದು ಕೂಡುಕುಟುಂಬ, ಆಸ್ತಿ, ಅತ್ತೆಯ ಅಡುಗೆಮನೆ. ಎರಡೂ ಒಟ್ಟಿಗೆ ಬಂದರೆ ನಾನು ಕೇಳುವ ಪ್ರಶ್ನೆ: "ಮದುವೆ ಆದಮೇಲೆ ಎಲ್ಲಿರ್ತೀರಿ?"

ಮುಂಬೈಯಲ್ಲಿ ಪ್ರೀತಿಯ ಪ್ರಶ್ನೆ ಅರ್ಧ ಮನೆಯ ಪ್ರಶ್ನೆ. ಫೋರ್ ಆಫ್ ವಾಂಡ್ಸ್ ಪಕ್ಕ ಫೈವ್ ಆಫ್ ಪೆಂಟಕಲ್ಸ್ ಬಂತು ಅಂತ ಒಬ್ಬಳು ಅತ್ತಳು. ಹಿಮದಲ್ಲಿ ಇಬ್ಬರು ಬಡವರು ಹೋಗುತ್ತಿರುವ ಎಲೆ ಅದು, ಮೇಲೆ ಬೆಳಕಿರುವ ಕಿಟಕಿ. "ಮದುವೆ ಮುರಿಯುತ್ತಾ ಅಕ್ಕಾ?" "ಇಲ್ಲಮ್ಮ, ಇಬ್ಬರೂ ಒಟ್ಟಿಗೇ ನಡೀತಿದ್ದಾರಲ್ಲ. ಡಿಪಾಸಿಟ್ ದುಡ್ಡು ಹೊಂದಿಸಿದ್ದೀರಾ?" ಹೊಂದಿಸಿರಲಿಲ್ಲ.

ಬಿಟ್ಟುಹೋದವರು ವಾಪಸ್ ಬರುತ್ತಾರಾ?

ಸಿಕ್ಸ್ ಆಫ್ ಕಪ್ಸ್ ಹಳೆಯ ನೆನಪು. ಏಟ್ ಆಫ್ ಕಪ್ಸ್‌ನಲ್ಲಿ ಒಬ್ಬ ಬಟ್ಟಲುಗಳನ್ನು ಬಿಟ್ಟು ರಾತ್ರಿ ಬೆನ್ನು ತೋರಿಸಿ ಹೋಗುತ್ತಿದ್ದಾನೆ. ಇಲ್ಲಿ ಯಾವುದು ಮೊದಲು ಬಂತು ಅನ್ನುವುದು ಮುಖ್ಯ. ಆರು ಮೊದಲು, ಎಂಟು ಆಮೇಲೆ ಅಂದರೆ ನೆನಪನ್ನೂ ಇಳಿಸಿ ನಡೆಯುತ್ತಿದ್ದಾರೆ. ಎಂಟು ಮೊದಲು, ಆರು ಆಮೇಲೆ ಅಂದರೆ ಹೋದವರಿಗೆ ನೆನಪು ಕಾಡುತ್ತಿದೆ. ಕಾಡಿದ ಮಾತ್ರಕ್ಕೆ ಬಂದೇ ಬರುತ್ತಾರೆ ಅಂತಲ್ಲ. ಹುಟ್ಟುಹಬ್ಬಕ್ಕೆ ಒಂದು ಮೆಸೇಜ್ ಬಂದು ನಿಂತದ್ದೂ ಉಂಟು. ಸಿಕ್ಸ್ ಆಫ್ ಕಪ್ಸ್ ಜೊತೆ ಜಜ್‌ಮೆಂಟ್ ಬಂದರೆ ಮಾತ್ರ ಮಾತುಕತೆಗೆ ದಾರಿ ಇದೆ ಅನ್ನುತ್ತೇನೆ. ತುತ್ತೂರಿ ಊದಿ ಎಬ್ಬಿಸುವ ಎಲೆ ಅದು.

ಸೆವೆನ್ ಆಫ್ ಸ್ವೋರ್ಡ್ಸ್ ಬಂದರೆ ಮೋಸ ಮಾಡುತ್ತಿದ್ದಾರೆ ಅಂತಲಾ?

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು.

ಕಲಿತ ಹೊಸತು. ಸ್ವಲ್ಪ ಜಂಬವೂ ಇತ್ತು. ಮದುವೆಯಾಗಿ ಎಂಟು ವರ್ಷ ಆದ ಒಬ್ಬರು ಬಂದರು. "ನಮ್ಮವರು ಏನೋ ಮುಚ್ಚಿಡ್ತಿದ್ದಾರೆ" ಅಂದರು. ಮೂರು ಎಲೆ ಬಂತು: ಸೆವೆನ್ ಆಫ್ ಸ್ವೋರ್ಡ್ಸ್, ಥ್ರೀ ಆಫ್ ಕಪ್ಸ್, ಫೈವ್ ಆಫ್ ಪೆಂಟಕಲ್ಸ್. ಮೊದಲನೆಯದರಲ್ಲಿ ಒಬ್ಬ ಐದು ಕತ್ತಿ ಎತ್ತಿಕೊಂಡು ತುದಿಗಾಲಲ್ಲಿ ಜಾರಿಕೊಳ್ಳುತ್ತಿದ್ದಾನೆ, ಎರಡನ್ನು ಬಿಟ್ಟು. ಎರಡನೆಯದರಲ್ಲಿ ಮೂವರು ಹೆಂಗಸರು ಬಟ್ಟಲೆತ್ತಿ ಕುಣಿಯುತ್ತಿದ್ದಾರೆ. ನಾನು ಅಷ್ಟಕ್ಕೇ ಬಾಯಿಬಿಟ್ಟೆ: "ಮೂರನೆಯವರು ಇರಬಹುದು." ಮೂರನೇ ಎಲೆಯನ್ನು ಸರಿಯಾಗಿ ನೋಡಲೇ ಇಲ್ಲ.

ಎರಡು ವಾರ ಬಿಟ್ಟು ಅವರು ಮತ್ತೆ ಬಂದರು. ಮನೆಯಲ್ಲಿ ದೊಡ್ಡ ಜಗಳ ಆಗಿ ವಿಷಯ ಹೊರಬಿದ್ದಿತ್ತು. ಗಂಡನಿಗೆ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಅದೇ ಲೋಕಲ್ ಹಿಡಿದು, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ತೆಗೆದುಕೊಂಡು ಹೋಗಿ, ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಕೂತು ಊಟ ಮಾಡಿ ಸಂಜೆ ಬರುತ್ತಿದ್ದರು. ಅಲ್ಲಿ ಯಾವ ಹೆಂಗಸೂ ಇರಲಿಲ್ಲ. ಕದ್ದು ಹೋಗುತ್ತಿದ್ದದ್ದು ನಿಜ, ಎಲೆ ಸುಳ್ಳು ಹೇಳಿರಲಿಲ್ಲ. ಯಾಕೆ ಅಂತ ಹೇಳುವ ನಾಣ್ಯದ ಎಲೆ ನನ್ನ ಕಣ್ಣ ಮುಂದೆಯೇ ಇತ್ತು. ಆ ಹೆಂಗಸು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಸೆವೆನ್ ಆಫ್ ಸ್ವೋರ್ಡ್ಸ್ ಬಂದರೆ "ಏನೋ ಹೇಳದೆ ಉಳಿದಿದೆ" ಅನ್ನುತ್ತೇನೆ, ಅಷ್ಟೇ. ಮೂನ್ ಜೊತೆಗೆ ಬಂದರೆ ಇನ್ನೂ ಹುಷಾರು. ಮೂನ್ ಅಂದರೆ ಕತ್ತಲು. ಅವರು ಮುಚ್ಚಿಡುತ್ತಿದ್ದಾರೋ, ನಮ್ಮ ಭಯವೇ ಹಾಗೆ ಕಾಣಿಸುತ್ತಿದೆಯೋ, ಎರಡೂ ಆಗಬಹುದು.

ಡೆತ್, ಟವರ್ ಬಂದರೆ ಸಂಬಂಧ ಮುಗಿಯಿತಾ?

ಡೆತ್ ಎಲೆಯ ಹಿಂಭಾಗದಲ್ಲಿ ಎರಡು ಗೋಪುರದ ನಡುವೆ ಸೂರ್ಯ ಇದ್ದಾನೆ. ಟೂ ಆಫ್ ಕಪ್ಸ್ ಜೊತೆ ಬಂದರೆ ಸಂಬಂಧದ ಒಂದು ರೀತಿ ಮುಗಿದು ಇನ್ನೊಂದು ಶುರು. ಗೆಳೆಯರು ಗಂಡ ಹೆಂಡತಿ ಆದಾಗಲೂ ಗೆಳೆತನದ ಹಳೆಯ ರೂಪ ಸತ್ತಿರುತ್ತದೆ. ಟವರ್, ಅಂದರೆ ಸಿಡಿಲು ಬಡಿದ ಗೋಪುರ, 16. ಅದರ ಮುಂದಿನ ಸ್ಟಾರ್ 17. ಎರಡೂ ಒಟ್ಟಿಗೆ ಬಂದರೆ ಮಾತು ಸಿಡಿಯುತ್ತದೆ, ಆಮೇಲೆ ಹಗುರಾಗುತ್ತದೆ. ಟವರ್ ಪಕ್ಕ ಥ್ರೀ ಆಫ್ ಸ್ವೋರ್ಡ್ಸ್ ಬಂದರೆ ಸಿಹಿ ಲೇಪಿಸಲು ಹೋಗುವುದಿಲ್ಲ. ಮಳೆಯಲ್ಲಿ ಮೂರು ಕತ್ತಿ ಚುಚ್ಚಿದ ಹೃದಯ ಅದು, ನೋವೇ.

ಬೆಂಕಿ, ನೀರು, ಗಾಳಿ, ಮಣ್ಣಿನ ಲೆಕ್ಕ ಏನು?

ವೇಟ್, ಸ್ಮಿತ್ ಇಬ್ಬರೂ ಗೋಲ್ಡನ್ ಡಾನ್ ಅನ್ನುವ ಗೂಢವಿದ್ಯೆಯ ಗುಂಪಿನಲ್ಲಿದ್ದವರು. ಈ ಲೆಕ್ಕ ಅಲ್ಲಿಯದು. ಕೋಲು ಬೆಂಕಿ, ಬಟ್ಟಲು ನೀರು, ಕತ್ತಿ ಗಾಳಿ, ನಾಣ್ಯ ಮಣ್ಣು. ಬೆಂಕಿಗೂ ನೀರಿಗೂ ಆಗುವುದಿಲ್ಲ, ಗಾಳಿಗೂ ಮಣ್ಣಿಗೂ ಆಗುವುದಿಲ್ಲ. ಪಕ್ಕಪಕ್ಕ ಬಂದರೆ ಒಂದರ ಬಲ ಇನ್ನೊಂದು ಕಡಿಮೆ ಮಾಡುತ್ತದೆ. ಬೆಂಕಿಗೆ ಗಾಳಿ ಜೊತೆ, ನೀರಿಗೆ ಮಣ್ಣು ಜೊತೆ. ಉಳಿದ ಜೋಡಿಗಳು ಹೇಗೋ ಹೊಂದಿಕೊಳ್ಳುತ್ತವೆ.

ಪ್ರೀತಿಯ ಓದಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ತೆಗೆದ ಐದು ಎಲೆಯೂ ಬಟ್ಟಲೇ ಬಂದರೆ ಜನ ಖುಷಿಪಡುತ್ತಾರೆ. ನನಗೆ ಜುಲೈ ಮಳೆಯಲ್ಲಿ ಮುಂಬೈಯ ಹಿಂದ್‌ಮಾತಾ ಚೌಕ ನೆನಪಾಗುತ್ತದೆ. ಮೊಣಕಾಲು ತನಕ ನೀರು, ಕಾಲಿಡಲು ಮಣ್ಣಿಲ್ಲ. ಒಂದು ನಾಣ್ಯದ ಎಲೆ ಬಂದರೆ ಆ ಪ್ರೀತಿಗೆ ನಿಲ್ಲಲು ಜಾಗ ಸಿಗುತ್ತದೆ. ಬರೀ ಕತ್ತಿ ಬಂದರೆ ಇಬ್ಬರೂ ತುಂಬಾ ಮಾತಾಡುತ್ತಿದ್ದಾರೆ, ಒಬ್ಬರೂ ಕೇಳುತ್ತಿಲ್ಲ.

ತಲೆಕೆಳಗಾದ ಎಲೆಯನ್ನು ಬೇರೆ ಥರ ಓದಬೇಕಾ?

ಓದುವವರು ಓದಲಿ. ನಾನು ನೆಟ್ಟಗೆ ಮಾಡಿಬಿಡುತ್ತೇನೆ. ತಲೆಕೆಳಗಾದರೆ ಮುಖದ ದಿಕ್ಕೂ ಬದಲಾಗುತ್ತದೆ, ನನ್ನ ಪದ್ಧತಿಗೆ ಅದು ಗೊಂದಲ.

ಯಾವಾಗ ಆಗುತ್ತೆ ಅಂತ ಹೇಳಬಹುದಾ?

ತಾರೀಖು ಹೇಳುವುದಿಲ್ಲ, ವೇಗ ಹೇಳುತ್ತೇನೆ. ಏಟ್ ಆಫ್ ವಾಂಡ್ಸ್ ಅಂದರೆ ಫಾಸ್ಟ್ ಲೋಕಲ್. ಸೆವೆನ್ ಆಫ್ ಪೆಂಟಕಲ್ಸ್ ಸ್ಲೋ, ಪ್ರತಿ ಸ್ಟೇಷನ್ನಿಗೂ ನಿಲ್ಲುತ್ತದೆ, ಆದರೆ ಮುಟ್ಟಿಸುತ್ತದೆ. ಹ್ಯಾಂಗ್ಡ್ ಮ್ಯಾನ್ ಅಂದರೆ ಕುರ್ಲಾ ಹತ್ತಿರ ಸಿಗ್ನಲಿಗೆ ನಿಂತ ಗಾಡಿ. ಇಳಿದು ಹಳಿ ದಾಟಲು ಹೋಗಬೇಡಿ.

ಅವನ ಮನಸ್ಸಿನಲ್ಲಿ ಏನಿದೆ ಅಂತ ನೋಡಿ ಹೇಳುತ್ತೀರಾ?

ಇಲ್ಲ. ಎದುರಿಗೆ ಕೂತವರ ಪ್ರಶ್ನೆ ಓದಬಹುದು, ಇಲ್ಲದವರ ಮನಸ್ಸು ಓದಲು ನಾನ್ಯಾರು? "ಅವನು ನನ್ನನ್ನು ಪ್ರೀತಿಸುತ್ತಾನಾ?" ಅನ್ನುವುದನ್ನು "ಈ ಸಂಬಂಧದಲ್ಲಿ ನಾನು ಏನನ್ನು ನೋಡುತ್ತಿಲ್ಲ?" ಅಂತ ಬದಲಾಯಿಸಿ ಎಲೆ ತೆಗೆಯಿರಿ. ಒಬ್ಬ ಹುಡುಗ ಹಾಗೆ ತೆಗೆದಾಗ ಸಿಕ್ಸ್ ಆಫ್ ಪೆಂಟಕಲ್ಸ್ ಮತ್ತು ಕ್ವೀನ್ ಆಫ್ ಸ್ವೋರ್ಡ್ಸ್ ಬಂತು. ಒಂದರಲ್ಲಿ ತಕ್ಕಡಿ ಹಿಡಿದ ಸಾಹುಕಾರ ಕಾಲ ಬಳಿ ಕೂತವರಿಗೆ ಕಾಸು ಹಾಕುತ್ತಿದ್ದಾನೆ. ಇನ್ನೊಂದರಲ್ಲಿ ಕತ್ತಿ ನೆಟ್ಟಗೆ ಹಿಡಿದ ರಾಣಿ. ಹುಡುಗ ತುಂಬಾ ಹೊತ್ತು ನೋಡಿ, "ಹೋಟೆಲ್ ಬಿಲ್ಲು ಯಾವಾಗಲೂ ನಾನೇ ಕೊಡ್ತೀನಿ. ಅವಳಿಗೆ ಅದು ಇಷ್ಟ ಇಲ್ಲ ಅನ್ಸುತ್ತೆ" ಅಂದ. ನಾನೇನೂ ಹೇಳಬೇಕಾಗಲಿಲ್ಲ.

ಉತ್ತರ ಹಿಡಿಸಲಿಲ್ಲ. ಮತ್ತೆ ಎಲೆ ತೆಗೆಯಬಹುದಾ?

ಇಡ್ಲಿ ಪಾತ್ರೆಯ ಮುಚ್ಚಳ ಪದೇ ಪದೇ ತೆಗೆದರೆ ಏನಾಗುತ್ತದೆ? ಹಬೆ ಹೋಗುತ್ತದೆ, ಇಡ್ಲಿ ಬೇಯುವುದಿಲ್ಲ. ಒಂದು ತಿಂಗಳು ಬಿಡಿ.

ಜಾತಕ ಕೂಡಿಬಂದಿದೆ, ಟ್ಯಾರೋ ಚೆನ್ನಾಗಿ ಬರಲಿಲ್ಲ. ಯಾವುದು ನಂಬಲಿ?

ಜಾತಕದಲ್ಲಿ 36 ಗುಣದ ಲೆಕ್ಕ, ಹುಟ್ಟಿದ ಹೊತ್ತು ಬೇಕು. ಟ್ಯಾರೋಗೆ ನಿಮ್ಮ ನಕ್ಷತ್ರ ಗೊತ್ತಿಲ್ಲ. ಕಲಸಿದ ಎಲೆಯಲ್ಲಿ ಏನು ಮೇಲೆ ಬಂತೋ ಅದು. ಇದು ಭವಿಷ್ಯ ಹೇಳುತ್ತದೆ ಅನ್ನುವುದಕ್ಕೆ ವಿಜ್ಞಾನದ ಪುರಾವೆ ಇಲ್ಲ, ನಾನೂ ಹಾಗೆ ಹೇಳುವುದಿಲ್ಲ. ಬಾಯಿಗೆ ಬಾರದ ಮಾತನ್ನು ಚಿತ್ರ ನೋಡಿ ಆಡುವುದು ಸುಲಭ, ಅಷ್ಟು ಮಾತ್ರ. ಹುಡುಗನ ಜೊತೆ ನಾಲ್ಕು ಸಲ ಕೂತು ಮಾತಾಡಿದರೆ ಎರಡಕ್ಕಿಂತಲೂ ಜಾಸ್ತಿ ತಿಳಿಯುತ್ತದೆ.

"ಎಲೆಯಲ್ಲಿ ದೋಷ ಇದೆ, ಪರಿಹಾರಕ್ಕೆ ಇಷ್ಟು ಸಾವಿರ" ಅಂದರೆ ಎದ್ದು ಬನ್ನಿ. ಮದುವೆಗೆ ಮುಂಚೆ ನಾನೂ ಹೀಗೆ ಒಬ್ಬರಿಗೆ ದುಡ್ಡು ಕೊಟ್ಟವಳು, ಒಂದು ತಿಂಗಳ ಸಂಬಳ. ಕೊಟ್ಟ ಕಲ್ಲು ಇವತ್ತಿಗೂ ಡ್ರಾಯರ್‌ನಲ್ಲಿದೆ. ಹಾಗೆಯೇ ಹೊಡೆತ, ಬೆದರಿಕೆ ಇದ್ದರೆ ನನ್ನ ಹತ್ತಿರ ಬರಬೇಡಿ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಅಲ್ಲಿ ಯಾವ ಜೋಡಿಯನ್ನೂ ಓದುವುದು ಬೇಡ.

ನನಗೆ ನಾನೇ ಓದಿಕೊಳ್ಳಬಹುದಾ?

ಓದಿಕೊಳ್ಳಿ, ಆದರೆ ಬರೆದಿಡಿ. ತಾರೀಖು, ಪ್ರಶ್ನೆ, ಎಲೆ, ಯಾರ ಮುಖ ಯಾವ ಕಡೆ. ಮತ್ತೆ ಯಾವ ಎಲೆ ನೀವು ಅಂತಲೂ ಬರೆಯಿರಿ. ಎಲ್ಲರೂ ಒಳ್ಳೆಯ ಎಲೆಯನ್ನು ತಮ್ಮದು ಅಂದುಕೊಳ್ಳುತ್ತಾರೆ.

ಹೋದ ತಿಂಗಳು ನಮ್ಮವರ ಮೇಲೆ ಕೋಪ ಬಂದು ಎರಡು ಎಲೆ ತೆಗೆದೆ. ಎಡಕ್ಕೆ ಫೋರ್ ಆಫ್ ಕಪ್ಸ್, ಬಲಕ್ಕೆ ನೈಟ್ ಆಫ್ ಸ್ವೋರ್ಡ್ಸ್. ಮರದ ಕೆಳಗೆ ಕೈಕಟ್ಟಿ ಕೂತವರು ಅವರು, ನಮ್ಮ ಮನೆಯಲ್ಲಿ ಅದು ಸೋಫಾ. ಕತ್ತಿ ಎತ್ತಿ ಅವರ ಮೇಲೆ ನುಗ್ಗುತ್ತಿರುವವಳು ನಾನು. ನೋಡಿ ನನಗೇ ನಗು ಬಂತು. ಆ ಫೋರ್ ಆಫ್ ಕಪ್ಸ್‌ನಲ್ಲಿ ಮೋಡದಿಂದ ಒಂದು ಕೈ ಬಂದು ನಾಲ್ಕನೇ ಬಟ್ಟಲು ಹಿಡಿದಿರುತ್ತದೆ, ಕೂತವನು ತಲೆ ಎತ್ತುವುದಿಲ್ಲ. ನಾನು ಚಹಾ ಮಾಡಿ ಲೋಟ ಅವರ ಮೂಗಿನ ಹತ್ತಿರ ಹಿಡಿದೆ. ಮೊಬೈಲ್ ಕೆಳಗಿಟ್ಟು ತೆಗೆದುಕೊಂಡರು. "ಸಕ್ಕರೆ ಕಮ್ಮಿ" ಅಂದರು.